ಉದ್ದಗೀರು

ಪೆಟ್ಟಿಗೆ ಓಡುತ್ತಿತ್ತು. ನಾನು ನೋಡಲಿಲ್ಲ.
ಫೋನು ಚಾರ್ಜಿಗಿಡಲು ಹಿಂದಿನ ಪ್ಲಗ್ಗು ಬೇಕಿತ್ತು,
ಎತ್ತಿ ಓರೆ ಮಾಡಿದೆ, ಅಷ್ಟೇ.
ಒಳಗಿಂದ ಒಂದು ಸದ್ದು:
ರಿಮ್ಮಿಗೆ ಕಲ್ಲು ಸಿಕ್ಕಿ
ಎರಡು ಸುತ್ತು ಉರುಳಿದ ಹಾಗೆ.

ಇಪ್ಪತ್ತಾರು ವರ್ಷ ಗೋಣಿಕೊಪ್ಪದಲ್ಲಿ
ಪಂಚರು ಹಾಕಿದವನಿಗೆ
ಆ ಸದ್ದು ಗೊತ್ತಾಗದೆ ಇರುತ್ತದೆಯೆ?
ನಸೀಬಾ ಅಳಲಿಲ್ಲ. ಡಿಸ್ಕು ತೆಗೆದಳು,
ಟ್ಯೂಬ್‌ಲೈಟಿಗೆ ಹಿಡಿದಳು,
ನನ್ನ ಊಟದ ತಟ್ಟೆಯ ಪಕ್ಕ ತಂದಿಟ್ಟಳು.
ವಿರಾಜಪೇಟೆ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ
ಇನ್ನೂರೈವತ್ತಕ್ಕೆ ಕೊಂಡ ಸೆಕೆಂಡ್‌ಹ್ಯಾಂಡ್ ಬೈಕ್ ರೇಸು.
ಮೊದಲೇ ಕೋಳಿ ಕೆದಕಿದಂಥ ಗೀರುಗಳು,
ಈಗ ನನ್ನದೂ ಒಂದು,
ದುಂಡಗೆ, ಪೂರ್ತಿ, ಕಾಂಪಾಸಿನಲ್ಲಿ ಎಳೆದ ಹಾಗೆ.

ಎರಡು ದಿನ ಪತ್ತಿರಿ ತಿಂದಳು, ಶಾಲೆಗೆ ಹೋದಳು, ಬಂದಳು.
ಉಪ್ಪಾ ಅನ್ನಲಿಲ್ಲ.

ಪಕ್ಕದ ಮನೆಯ ಹವಾಲ್ದಾರ್ ಮಂದಣ್ಣನವರು
ಬಕಲ್ಲು ಹೊಳೆಸುವ ಬ್ರಾಸೋ ಡಬ್ಬಿ ಕೊಟ್ಟರು.
ಪಿಂಚಣಿಗೆ ಬಂದು ಹದಿನೆಂಟು ವರ್ಷ,
ಡಬ್ಬಿಯ ತಳದಲ್ಲಿ ಇನ್ನೂ ಒಂದು ಪೆರೇಡಿಗಾಗುವಷ್ಟಿತ್ತು.
"ದುಂಡಗೆ ತಿಕ್ಕು ಮಾರಾಯ,
ನಿನ್ನ ಮೋರೆ ನಿನಗೇ ಕಾಣುವವರೆಗೆ."

ಅಡುಗೆಮನೆಯ ಮೇಜು. ಹಳೆ ಬನಿಯನ್ನಿನ ತುಂಡು.
ಮೊದಲು ಸೋಪಿನ ನೀರು, ಆಮೇಲೆ ಬಿಳಿ ಟೂತ್‌ಪೇಸ್ಟು,
ಅದಕ್ಕೂ ಜಗ್ಗದಿದ್ದರೆ ಬ್ರಾಸೋ.
ದುಂಡಗೆ ಶುರುಮಾಡಿದೆ.

"ಹಾಗಲ್ಲ ಉಪ್ಪಾ."

ಬಾಗಿಲಲ್ಲಿ ನಿಂತಿದ್ದಾಳೆ, ಕೈಯಲ್ಲಿ ನೀರಿನ ಲೋಟ.
"ನಡುವಿನಿಂದ ಅಂಚಿಗೆ. ನೇರ. ಸುತ್ತ ತಿಕ್ಕಬಾರದು."
ಯಾಕೆ ಅಂದೆ.
ಯಾಕೆ ಅಂತ ಬೇಕಿರಲಿಲ್ಲ,
ಅವಳು ಇನ್ನೂ ಸ್ವಲ್ಪ ಮಾತಾಡಬೇಕಿತ್ತು.

ಒಳಗೊಂದು ಬೆಳಕಿನ ಮುಳ್ಳಂತೆ,
ಸುತ್ತಿ ಸುತ್ತಿ ಓದುತ್ತ ಹೋಗುತ್ತದಂತೆ.
ಗೀರು ಅಡ್ಡ ಬಂದರೆ ಹಾರಿ,
ಬಿಟ್ಟ ಅಕ್ಷರ ತಾನೇ ಊಹಿಸಿಕೊಳ್ಳುತ್ತದಂತೆ.
ಓದುವ ದಾರಿಯಲ್ಲೇ ಉದ್ದಕ್ಕೆ ಬಿದ್ದರೆ
ಊಹಿಸಲೂ ಏನೂ ಉಳಿಯುವುದಿಲ್ಲ.

ಇದು ನನಗೆ ತಿಳಿಯುತ್ತದೆ.
ಜುಲೈಯಲ್ಲಿ ಕುಟ್ಟದ ಕಡೆಯ ರಸ್ತೆ:
ಅಡ್ಡ ಗುಂಡಿಯನ್ನು ಜೀಪು ಧಡ್ ಅಂತ ದಾಟುತ್ತದೆ,
ಬೈದುಕೊಂಡು ಮುಂದೆ ಹೋಗುತ್ತೇವೆ.
ಮರದ ಲಾರಿ ಕೊರೆದ ಉದ್ದ ಜಾಡಿಗೆ ಚಕ್ರ ಇಳಿಯಿತೋ,
ಸ್ಟೇರಿಂಗು ಮತ್ತೆ ನಮ್ಮದಲ್ಲ.

ನಡುವಿನಿಂದ ಅಂಚಿಗೆ. ನಡುವಿನಿಂದ ಅಂಚಿಗೆ.
ನನ್ನ ಗೀರಿನ ಮೇಲೆ ನೂರು ಸಣ್ಣ ಗೀರು.
ಟ್ಯೂಬಿಗೂ ಹೀಗೇ ಕಣೇ ಅಂದೆ,
ಅರ ಹಾಕಿ ಒರಟು ಮಾಡದೆ ಪ್ಯಾಚು ಕೂರುವುದಿಲ್ಲ.
ಅವಳು ಹೂಂ ಅನ್ನಲಿಲ್ಲ. ಕುರ್ಚಿ ಎಳೆದು ಕೂತಳು.

ಆಮೇಲೆ ಮಗುಚಿ,
ಬೈಕಿನ ಚಿತ್ರವಿದ್ದ ಬದಿಗೂ ಬಟ್ಟೆ ಒಯ್ದೆ.
ನನ್ನ ಮಣಿಕಟ್ಟು ಹಿಡಿದುಬಿಟ್ಟಳು.
"ಅದನ್ನು ಮುಟ್ಟಬೇಡ! ಎಲ್ಲ ಇರುವುದು ಅಲ್ಲೇ,
ಬಣ್ಣದ ಕೆಳಗೇ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ."

ನಾನು ಇಷ್ಟು ಹೊತ್ತೂ
ಕಾಮನಬಿಲ್ಲಿನ ಬದಿಯಲ್ಲಿದೆ ಅಂದುಕೊಂಡಿದ್ದೆ.
ಅದು ಬರೀ ಗಾಜಂತೆ. ಕಿಟಕಿಯಂತೆ.

ಹತ್ತೂವರೆಗೆ ಕರೆಂಟು ಹೋಯಿತು.
ಎಲ್ಲೋ ಸಿಲ್ವರ್ ಮರ ತಂತಿಯ ಮೇಲೆ ಒರಗಿರಬೇಕು.
ಮೊಂಬತ್ತಿಯ ಮುಂದೆ ಡಿಸ್ಕನ್ನು ಓರೆ ಮಾಡಿ
ಇಬ್ಬರೂ ನೋಡಿದೆವು: ಇದೆ,
ಮಾಸಿದೆ, ಆದರೆ ಇದೆ.
ಅವಳ ಉಗುರಿಗೆ ಸಿಗಲಿಲ್ಲ. ನನ್ನ ಉಗುರಿಗೆ ಸಿಕ್ಕಿತು.

ಹನ್ನೊಂದೂಕಾಲಿಗೆ ಬಂತು.
ಪೆಟ್ಟಿಗೆ ಕೆಮ್ಮಿತು, ಗೊರಗುಟ್ಟಿತು, ಹಿಡಿಯಿತು.
ಮೊದಲ ಸುತ್ತು. ಎರಡನೆಯದು.
ಮೂರರಲ್ಲಿ, ಸೇತುವೆಯ ಮೇಲೆ,
ಬೈಕು ಗಾಳಿಯಲ್ಲೇ ನಿಂತಿತು,
ಸದ್ದು ಟಟಟಟ ಅಂತ ಒಂದೇ ಕಡೆ.

ನಸೀಬಾ ಉಸಿರು ಬಿಡಲಿಲ್ಲ.
ನಾನು ಪೆಟ್ಟಿಗೆಯಿಂದ ಮೂರಡಿ ದೂರ,
ಬ್ರಾಸೋ ನಾರುವ ಬೆರಳನ್ನು
ಕಂಕುಳಲ್ಲಿ ಒತ್ತಿ ಹಿಡಿದು ಕೂತಿದ್ದೆ.
ಜೇಬಿನಲ್ಲಿ ಫೋನು
ಚಾರ್ಜು ಮುಗಿಯಿತೆಂದು ಒಮ್ಮೆ ನಡುಗಿ ಆರಿತು.
ಆರಲಿ.